ನಾಯಿಯ ಹೊಟ್ಟೆ ಉಬ್ಬರಕ್ಕೆ ಎತ್ತಿನ ಔಷಧ ನಡೆಯುವುದಿಲ್ಲ

ನಾನು ಓದಿದ್ದು ಏಳನೇ ಇಯತ್ತೆ. ಬಾಗೇವಾಡಿ ತಾಲೂಕಿನ ಡೋಣಿ ಸೀಮೆಯ ಎರಿ ಹೊಲದಲ್ಲಿ ಜೋಳ, ಕಡಲೆ, ಕುಸುಬೆ ಮಾಡುವ ಒಣಬೇಸಾಯದವನು. ಡಾಕ್ಟರಕಿ ನನ್ನ ಕೆಲಸ ಅಲ್ಲ. ಆದರೂ ಬರೆಯಲು ಕುಂತಿದ್ದೇನೆ, ಯಾಕೆಂದರೆ ಒಂದು ಒಳ್ಳೆಯ ನಾಯಿಯನ್ನು ಗೊತ್ತಿಲ್ಲದೆ ನನ್ನ ಕೈಯಾರೆ ಸಾಯಿಸಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕಿನಲ್ಲಿ ತೋಟದ ವಸ್ತಿಗೆ, ಕುರಿ ಹಟ್ಟಿಗೆ ನಾಯಿ ಸಾಕದವರು ಕಡಿಮೆ. ಅವರೆಲ್ಲ ಇದನ್ನು ಒಮ್ಮೆ ಓದಲಿ ಅಂತ ನನ್ನಾಸೆ.

2009ರ ಫೆಬ್ರುವರಿ. ಬಿಳಿಜೋಳದ ರಾಶಿ ಮುಗಿದ ದಿನ. ಕಣದಲ್ಲಿ ಆಳುಗಳಿಗೆ ಗೋಧಿ ಹುಗ್ಗಿ ಊಟ ಹಾಕಿದ್ದೆವು. ಮೋತ್ಯಾ ಅಂತ ನಮ್ಮ ನಾಯಿ, ಆರು ವರ್ಷದ್ದು. ತಾಯಿ ಮುಧೋಳದ್ದು, ತಂದೆ ಊರ ನಾಯಿ. ಎದೆ ಆಳ, ನಡ ಸಣ್ಣ, ಕಾಲು ಉದ್ದ. ಮುಂಜಾನೆಯಿಂದ ಅದಕ್ಕೆ ಏನೂ ಹಾಕಿರಲಿಲ್ಲ. ಸಂಜೆ ಉಳಿದ ಹುಗ್ಗಿ, ಅನ್ನ, ರೊಟ್ಟಿ ಎಲ್ಲ ಸೇರಿಸಿ ದೊಡ್ಡ ಬೋಗುಣಿ ತುಂಬ ಸುರಿದೆವು. ಬೇರೆ ನಾಯಿ ಬಂದಾವು ಅಂತ ಅದು ಅಗಿಯದೆ ನುಂಗಿತು. ಮೇಲೆ ದನದ ಬಾನಿಯಲ್ಲಿ ನೀರು ಕುಡಿಯಿತು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಹಂದಿ ಬಂದವು. ಮೋತ್ಯಾ ಅವುಗಳ ಬೆನ್ನು ಹತ್ತಿ ಎರಡು ಹೊಲ ದಾಟಿ ಓಡಿ ಬಂತು.

ರಾತ್ರಿ ಹತ್ತರ ಸುಮಾರಿಗೆ ನಾಯಿ ಒಂದು ಕಡೆ ಕೂಡದಾಯಿತು. ಮಲಗುವುದು, ಏಳುವುದು, ಮತ್ತೊಂದು ಕಡೆ ಹೋಗಿ ಮಲಗುವುದು. ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಆಮೇಲೆ ಕುತ್ತಿಗೆ ಚಾಚಿ ಓಕರಿಸಲಿಕ್ಕೆ ಶುರು ಮಾಡಿತು. ಹೊಟ್ಟೆ ಒಳಗೆ ಎಳೆದು ಎಳೆದು ಓಕರಿಸಿದರೂ ಒಂದು ಅಗಳು ಬೀಳಲಿಲ್ಲ. ಬರೀ ಅಂಟು ಜೊಲ್ಲು, ಬಿಳಿ ನೊರೆ. "ಎಲುಬು ಸಿಕ್ಕೈತಿ ಬಿಡ್ರಿ" ಅಂದ ನಮ್ಮ ಆಳು. ಕಂದೀಲು ಹಿಡಿದು ನೋಡಿದರೆ ಎಡಗಡೆ ಪಕ್ಕೆಲುಬಿನ ಹಿಂದೆ ಹೊಟ್ಟೆ ಏರಿತ್ತು. ಬೆರಳಿನಿಂದ ಬಾರಿಸಿದರೆ ಹಲಗಿ ಬಾರಿಸಿದಂಗ ಸಪ್ಪಳ.

ಹೊಟ್ಟೆ ಉಬ್ಬರ ಅಂದರೆ ನಮಗೆ ಗೊತ್ತಿಲ್ಲದ್ದೇ? ಹಸಿ ಶೇಂಗಾ ಬಳ್ಳಿ ತಿಂದು, ಕುದುರೆ ಮೆಂತೆ ತಿಂದು ಉಬ್ಬಿದ ಎತ್ತು ಎಷ್ಟೋ ನೋಡಿದ್ದೇವೆ. ಅದಕ್ಕೆ ಮಾಡಿದ್ದನ್ನೇ ಮಾಡಿದೆ. ಗೊಟ್ಟ ತಂದು ಇಂಗು ಕಲಸಿದ ಕುಸುಬಿ ಎಣ್ಣೆ ಹೊಯ್ದೆ. ಅರ್ಧ ಹೊರಗೆ ಬಂತು, ಅರ್ಧ ಕೆಮ್ಮಿತು. ಲಿಂಬೆಹಣ್ಣು ಹಿಂಡಿ ತಿನ್ನುವ ಸೋಡಾ ಹಾಕಿ ಕುಡಿಸಿದೆ. ಬಾಯಿಗೆ ಅಡ್ಡ ಕಟ್ಟಿಗೆ ಕಟ್ಟಿದೆ. ಹೊಟ್ಟೆ ತಿಕ್ಕಿ, ಹಗ್ಗ ಹಾಕಿ ಕಣದ ಸುತ್ತ ಅಡ್ಡಾಡಿಸಿದೆ. ನಾಲ್ಕು ತಾಸು ಹೀಗೇ ಕಳೆಯಿತು. ಎರಡರ ಸುಮಾರಿಗೆ ಹಿಂಗಾಲು ನಿಲ್ಲಲಿಲ್ಲ. ಬೆಳಗಾಗುವ ಮೊದಲು ಹೋಯಿತು.

ಎರಡು ದಿನದ ಮೇಲೆ ಎಮ್ಮೆ ನೋಡಲು ಬಂದ ದನದ ಡಾಕ್ಟರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಹಿಟ್ಟಿನ ಸಣ್ಣ ಚೀಲ ಒಂದು ತರಿಸಿ ಬಾಯಿ ಹಿಡಿದು ಒಂದು ಸುತ್ತು ತಿರುವಿದರು. "ಹಿಂಗಾಗಿತ್ತ್ರೀ ಗೌಡ್ರ. ಇದರಾಗ ಎಣ್ಣಿ ಹೊಯ್ರಿ ನೋಡೂಣು" ಅಂದರು. ಎಲ್ಲಿ ಹೊಯ್ಯುವುದು?

ಎತ್ತಿನದು ಮೆಲುಕು ಹಾಕುವ ಹೊಟ್ಟೆ. ನಾಲ್ಕು ಕೋಣೆ ಇರುತ್ತವೆ. ದೊಡ್ಡ ಕೋಣೆಯಲ್ಲಿ ಮೇವು ಹುಳಿತು ಗಾಳಿ ಆಗುವುದು ದಿನದ ಮಾತೇ, ತೇಗಿ ಹೊರಗೆ ಹಾಕುತ್ತದೆ. ಎಳೆ ಹಸಿ ಮೇವು ಹೆಚ್ಚಾದಾಗ ಗಾಳಿ ನೊರೆಯಾಗಿ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಆ ನೊರೆ ಒಡೆಯುತ್ತದೆ, ಅದಕ್ಕೇ ಅಲ್ಲಿ ಎಣ್ಣೆ ಕೆಲಸ ಮಾಡುತ್ತದೆ. ನಾಯಿಯದು ನಮ್ಮ ಹಾಗೆ ಒಂದೇ ಹೊಟ್ಟೆ. ಅದು ಗಾಳಿ ತುಂಬಿ ಬಲೂನಿನಂತೆ ಹಿಗ್ಗಿ, ತನ್ನ ಸುತ್ತ ತಾನೇ ತಿರುವಿಕೊಂಡರೆ ಮೇಲಿನ ಅನ್ನನಾಳ, ಕೆಳಗಿನ ಕರುಳು ಎರಡೂ ಕಡೆ ಬಾಯಿ ಮುಚ್ಚುತ್ತದೆ. ತೇಗು ಬರುವುದಿಲ್ಲ, ವಾಂತಿ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ಒಳಗೆ ಗಾಳಿ ಮಾತ್ರ ಹೆಚ್ಚುತ್ತ ಹೋಗುತ್ತದೆ. ಉಬ್ಬಿದ ಹೊಟ್ಟೆ ದೊಡ್ಡ ರಕ್ತನಾಳಗಳನ್ನು ಒತ್ತಿ ಹೃದಯಕ್ಕೆ ರಕ್ತ ತಿರುಗಿ ಹೋಗದ ಹಾಗೆ ಮಾಡುತ್ತದೆ. ಹೊಟ್ಟೆಯ ಗೋಡೆಗೂ ರಕ್ತ ಸಿಗದೆ ಅದು ಕೊಳೆಯಲು ಹತ್ತುತ್ತದೆ. ನಾಯಿ ಸಾಯುವುದು ಬರೀ ಗಾಳಿಯಿಂದ ಅಲ್ಲ, ರಕ್ತ ನಿಂತು. ಅದಕ್ಕೆ ತಾಸುಗಳ ಲೆಕ್ಕವೇ ಹೊರತು ದಿನದ ಲೆಕ್ಕ ಇಲ್ಲ.

ನಾನು ಹೊಯ್ದ ಎಣ್ಣೆ ಹೊಟ್ಟೆಗೆ ಹೋಗಲು ದಾರಿ ಇಲ್ಲದೆ ಶ್ವಾಸಕ್ಕೆ ಹೋಗಿರಬೇಕು, ಅದಕ್ಕೇ ಕೆಮ್ಮಿದ್ದು. ಲಿಂಬೆ-ಸೋಡಾ ಕೂಡಿದರೆ ಬುಸ್ ಅಂತ ಗಾಳಿ ಏಳುವುದು ಎಲ್ಲರಿಗೂ ಗೊತ್ತು. ಗಾಳಿಯಿಂದ ಸಾಯುವ ಪ್ರಾಣಿಗೆ ನಾನು ಮತ್ತಷ್ಟು ಗಾಳಿ ಕುಡಿಸಿದ್ದೆ. ಇಂಡಿ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಮನೆ ತುಂಬ ಲಿಂಬೆ ಇರುವ ಊರು ನಿಮ್ಮದು. ಹೊಟ್ಟೆನೋವು ಅಂದ ಕೂಡಲೇ ಕೈ ಅದಕ್ಕೇ ಹೋಗುತ್ತದೆ.

ಯಾವ ನಾಯಿಗೆ ಹೆಚ್ಚು?

ಯಾವ ನಾಯಿಗೂ ಬರಬಹುದು. ಆದರೆ ಎದೆ ಆಳವಾಗಿ, ಇಕ್ಕಟ್ಟಾಗಿ ಇರುವ ದೊಡ್ಡ ನಾಯಿಗಳಿಗೆ ಹೆಚ್ಚು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್ ಇವುಗಳ ಹೆಸರು ಡಾಕ್ಟರು ಮೊದಲು ಹೇಳುತ್ತಾರೆ. ನಮ್ಮ ಮುಧೋಳ ನಾಯಿಯ ಮೈಕಟ್ಟೂ ಅದೇ ಥರದ್ದು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆ ಆಗುವತನಕ ಮುಧೋಳ ನಮ್ಮ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಅದರ ರಕ್ತ ನಮ್ಮ ಕಡೆಯ ಅರ್ಧ ನಾಯಿಗಳಲ್ಲಿ ಇದೆ ಅಂದರೂ ತಪ್ಪಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಅದರ ಚಿತ್ರ ಬಂತು, 2016ರಲ್ಲಿ ಸೈನ್ಯದವರು ಮರಿ ಒಯ್ದು ತರಬೇತಿ ಕೊಟ್ಟರು. ಅಂದಿನಿಂದ ಮರಿಯ ರೇಟು ಏರಿದೆ. ರೇಟು ಕೇಳುವವರು ಬಹಳ, ಅದಕ್ಕೆ ಹೇಗೆ ಉಣ್ಣಿಸಬೇಕು ಅಂತ ಕೇಳುವವರು ಕಡಿಮೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಮರಿ ತರಲು ಹೋದವರು ಈ ಮಾತನ್ನೂ ಕೇಳಿಕೊಂಡು ಬರಬೇಕು.

ವಯಸ್ಸಾದಂತೆ ಭಯ ಹೆಚ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 2000ರಲ್ಲಿ ಹೊರತಂದ ಅಧ್ಯಯನದಲ್ಲಿ, ವಯಸ್ಸಿನ ಜೊತೆಗೆ ಗಬಗಬ ತಿನ್ನುವುದು, ತಂದೆ-ತಾಯಿಗೋ ಒಡಹುಟ್ಟಿದ್ದಕ್ಕೋ ಮೊದಲು ಇದು ಆಗಿರುವುದು, ಊಟದ ಪಾತ್ರೆಯನ್ನು ಎತ್ತರದಲ್ಲಿ ಇಡುವುದು ಇವು ಅಪಾಯ ಹೆಚ್ಚಿಸಿದ್ದು ಕಂಡಿದೆ. ಕಟ್ಟೆಯ ಮೇಲೆ ಬೋಗುಣಿ ಇಟ್ಟರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ, ನಾನಂತೂ ನೆಲಕ್ಕೇ ಇಡುತ್ತೇನೆ. ಇನ್ನೊಂದು ಮಾತು ಕೆಲವರಿಗೆ ಸೇರಲಿಕ್ಕಿಲ್ಲ. ಉಬ್ಬರ ಆಗಿ ಉಳಿದ ನಾಯಿಯನ್ನು ಮರಿಗೆ ಬಿಡಬಾರದು. ಬಿಟ್ಟರೆ ಕೊಳ್ಳುವವನಿಗೆ ಹೇಳಿಯಾದರೂ ಮಾರಬೇಕು.

ಗುರುತು ಹಿಡಿಯುವುದು

ಎಲ್ಲಕ್ಕಿಂತ ದೊಡ್ಡ ಗುರುತು ಒಣ ಓಕರಿಕೆ. ಉಳಿದದ್ದು ಮರೆತರೂ ಇದೊಂದು ನೆನಪಿಡಿ. ನಾಯಿ ವಾಂತಿ ಮಾಡಿಕೊಂಡಿತು ಅಂದರೆ ಹೆದರಬೇಕಿಲ್ಲ, ಹುಲ್ಲು ತಿಂದು ಕಾರುವುದು ಅದರ ಜಾತಿಗುಣ. ವಾಂತಿಗೆ ಎಳೆದು ಎಳೆದು ಏನೂ ಬಾರದೆ ಇದ್ದರೆ ಆಗ ಎದ್ದು ನಿಲ್ಲಬೇಕು.

ಹೊಟ್ಟೆ ಉಬ್ಬುವುದು ಎರಡನೇ ಗುರುತು. ಆದರೆ ಇದನ್ನೇ ಕಾಯುತ್ತ ಕೂಡಬಾರದು. ಎದೆ ಆಳ ಇರುವ ನಾಯಿಗಳಲ್ಲಿ ಹಿಗ್ಗಿದ ಹೊಟ್ಟೆ ಪಕ್ಕೆಲುಬಿನ ಒಳಗೇ ಮರೆಯಾಗಿ ಇರಬಹುದು, ಹೊರಗೆ ಕಾಣುವುದರಲ್ಲಿ ಹೊತ್ತು ಮೀರಿರುತ್ತದೆ. ನಾನು ಒಂದು ಉಪಾಯ ಮಾಡಿದ್ದೇನೆ. ನಾಯಿ ಆರಾಮ ಇರುವಾಗ ಕಡೆಯ ಪಕ್ಕೆಲುಬಿನ ಹಿಂದೆ ಸುತಳಿ ಸುತ್ತಿ ಅಳತೆಗೆ ಗಂಟು ಹಾಕಿ ಗೂಟಕ್ಕೆ ತೂಗುಹಾಕಿದ್ದೇನೆ. ಅನುಮಾನ ಬಂದಾಗ ಸುತ್ತಿ ನೋಡಿದರೆ ಗಂಟು ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ. ಅಕಸ್ಮಾತ್ ಸುತಳಿ ಸರಿಯಾಗಿ ಕೂತು ಒಣ ಓಕರಿಕೆ ಇದ್ದರೆ ಓಕರಿಕೆಯನ್ನೇ ನಂಬಬೇಕು.

ಮೂರನೆಯದು ಒಸಡು. ತುಟಿ ಎತ್ತಿ ಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಆರಾಮ ಇದ್ದ ನಾಯಿಯಲ್ಲಿ ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಆಗುತ್ತದೆ. ರಕ್ತ ನಿಲ್ಲುತ್ತ ಬಂದಿದ್ದರೆ ಬಣ್ಣ ತಡವಾಗಿ ಬರುತ್ತದೆ, ಒಸಡೇ ಸುಣ್ಣದಂತೆ ಬಿಳಚಿರುತ್ತದೆ. ಕೆಲವು ನಾಯಿಗಳ ಒಸಡು ಹುಟ್ಟಾ ಕಪ್ಪು, ಅವುಗಳ ಕೆಳಗಿನ ಕಣ್ಣರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬೇಕು. ಆರಾಮ ಇದ್ದಾಗಲೇ ನಾಲ್ಕು ಸಲ ನೋಡಿ ರೂಢಿ ಮಾಡಿಕೊಳ್ಳಿ, ಇಲ್ಲದಿದ್ದರೆ ಆ ರಾತ್ರಿ ಯಾವುದು ಬಿಳಿ, ಯಾವುದು ಕೆಂಪು ತಿಳಿಯುವುದಿಲ್ಲ.

ಒಂದೇ ಕಡೆ ನಿಲ್ಲದಿರುವುದು, ಜೊಲ್ಲು, ಏದುಸಿರು, ಬೆನ್ನು ಬಾಗಿಸುವುದು, ಮುಂಗಾಲು ನೆಲಕ್ಕೆ ಊರಿ ಹಿಂಬದಿ ಎತ್ತಿ ನಿಲ್ಲುವುದು ಇವೂ ಕಾಣುತ್ತವೆ. ಮುಗ್ಗರಿಸಿ ಬಿತ್ತು ಅಂದರೆ ಕಡೆಯ ಹಂತ.

ಈ ಗುರುತುಗಳು ಕೆಲಸಕ್ಕೆ ಬಂದದ್ದು 2022ರ ಕಾರಹುಣ್ಣಿಮೆ ದಿನ. ರಾತ್ರಿ ಒಂಬತ್ತಕ್ಕೆ ಸಿಂದಗಿ ಕಡೆಯ ನನ್ನ ತಂಗಿಯ ಮಗ ಫೋನ್ ಮಾಡಿದ. ಅವನಲ್ಲಿ ಚಂದ್ರಿ ಅಂತ ಮುಧೋಳದ ಹೆಣ್ಣುನಾಯಿ.

"ಮಾಮಾ, ಚಂದ್ರಿ ಹೊಟ್ಟಿ ಯಾಕೋ ಸರಿ ಇಲ್ಲ. ಹೋಳಗಿ ಜಾಸ್ತಿ ಹಾಕೀವಿ. ಇಂಗು ಕುಡಸ್ಲೇನು?"

"ಏನೂ ಕುಡಸಬ್ಯಾಡ. ವಾಂತಿ ಆಗೇದೇನು?"

"ಓಕರಸಲಿಕ್ಕ ಹತ್ಯದ, ಏನೂ ಬೀಳವಲ್ದು."

"ಒಸಡು ನೋಡು." ಸ್ವಲ್ಪ ಹೊತ್ತು ಮಾತಿಲ್ಲ. "ಬೆಳ್ಳಗ ಕಾಣ್ತಾವ ಮಾಮಾ."

"ಟಂಟಂ ತರಿಸು. ಈಗಿಂದೀಗ ವಿಜಯಪುರಕ್ಕ ಹೊಂಡು."

ಅವನ ತಂದೆಗೆ ಇಷ್ಟವಿರಲಿಲ್ಲ. ನಾಯಿಗೆ ಇಷ್ಟು ಮಾಡುತ್ತಾರೇನು ಅಂದರು. ಹೋದ ವರ್ಷ ತೋಳ ಬಂದಾಗ ಹಟ್ಟಿಯ ಕುರಿ ಉಳಿಸಿದ್ದು ಯಾರು ಅಂತ ಹುಡುಗ ಕೇಳಿದನಂತೆ, ಅಷ್ಟಕ್ಕೆ ಸುಮ್ಮನಾದರು. ಅರವತ್ತರ ಸುಮಾರು ಕಿಲೋಮೀಟರ್ ದಾರಿ. ಹೊರಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದ್ದರಿಂದ ಅವರು ತಯಾರಾಗಿ ಕೂತಿದ್ದರು. ಮೊದಲು ಸೂಜಿ ಚುಚ್ಚಿ ಗಾಳಿ ಬಿಟ್ಟರು, ಎರಡು ಕಾಲಿಗೆ ಸಲೈನ್ ಹಚ್ಚಿದರು, ಆಮೇಲೆ ಹೊಟ್ಟೆ ತೆರೆದು ತಿರುವಿದ್ದನ್ನು ಸರಿಮಾಡಿ, ಮತ್ತೆ ತಿರುವದ ಹಾಗೆ ಹೊಟ್ಟೆಯನ್ನು ಪಕ್ಕದ ಗೋಡೆಗೆ ಹೊಲಿದರು. ಈ ಹೊಲಿಗೆ ಮುಖ್ಯ. ಬರೀ ಗಾಳಿ ತೆಗೆಸಿ ಮನೆಗೆ ತಂದರೆ ಮತ್ತೆ ತಿರುವುವ ಸಂಭವ ಬಹಳ. ಖರ್ಚು ಎಲ್ಲ ಸೇರಿ ಹದಿನಾಲ್ಕು ಸಾವಿರ ಆಯಿತು. ಸಣ್ಣ ದುಡ್ಡಲ್ಲ. ಹೊತ್ತಿಗೆ ಸರಿಯಾಗಿ ಮುಟ್ಟಿಸಿದರೂ ಕೆಲವು ನಾಯಿ ಉಳಿಯುವುದಿಲ್ಲ ಅಂತಲೂ ಡಾಕ್ಟರು ಮೊದಲೇ ಹೇಳಿದ್ದರು.

ದಾರಿಯಲ್ಲಿ

ಬಾಯಿಗೆ ನೀರು, ಎಣ್ಣೆ, ಗುಳಿಗಿ ಏನೂ ಬೇಡ. ಹೊಟ್ಟೆ ತಿಕ್ಕಬಾರದು, ಒತ್ತಬಾರದು. ಎತ್ತಿಗೆ ಚುಚ್ಚಿದಂತೆ ದಬ್ಬಳ ಚುಚ್ಚುವ ಸಾಹಸ ಮಾಡಬಾರದು. ಹೊಟ್ಟೆ ತಿರುವಿದಾಗ ಗುಲ್ಮ ಎಂಬ ರಕ್ತ ತುಂಬಿದ ಅಂಗವೂ ಜಾಗ ಬಿಟ್ಟಿರುತ್ತದೆ, ಅದಕ್ಕೆ ಚುಚ್ಚಿದರೆ ಒಳಗೇ ರಕ್ತ ಸೋರುತ್ತದೆ. ನಡೆಸಿಕೊಂಡು ಒಯ್ಯದೆ ಕೌದಿಯಲ್ಲಿ ಎತ್ತಿ ಗಾಡಿಗೆ ಹಾಕಿ.

ಆಪರೇಷನ್ ಎಲ್ಲಿ ಆಗುತ್ತದೆ, ರಾತ್ರಿ ಯಾರು ಸಿಗುತ್ತಾರೆ ಅನ್ನುವುದನ್ನು ಇವತ್ತೇ ವಿಚಾರಿಸಿ ಗೋಡೆಗೆ ಬರೆದಿಡಿ. ಮುದ್ದೇಬಿಹಾಳದವರಿಗೆ ವಿಜಯಪುರ ಎಂಬತ್ತರ ಸುಮಾರು ಕಿಲೋಮೀಟರ್, ಅಷ್ಟು ದೂರ ನಾಯಿ ತಡೆಯುತ್ತದೆ ಅಂತ ಹೇಳಲಾಗದು. ಹತ್ತಿರದ ದನದ ದವಾಖಾನೆಯ ಡಾಕ್ಟರು ಗಾಳಿ ತೆಗೆದು ಸಲೈನ್ ಹಚ್ಚಿ ಕಳಿಸಿದರೂ ದಾರಿಯ ವೇಳೆ ಸಿಗುತ್ತದೆ. 1962ಕ್ಕೆ ಫೋನ್ ಮಾಡಿ ಸಹಾಯ ಕೇಳಬಹುದು.

ಉಬ್ಬರದಂತೆ ಕಂಡು ಉಬ್ಬರ ಅಲ್ಲದ್ದು

ಹೊಟ್ಟೆ ದೊಡ್ಡದಾದದ್ದೆಲ್ಲ ಇದೇ ಅಲ್ಲ. ಮದುವೆ ಮನೆಯ ಎಂಜಲು ತಿಂದು ಹೊಟ್ಟೆ ಬಿರಿದ ನಾಯಿ ತೇಗುತ್ತದೆ, ಒಮ್ಮೆ ಕಾರಿಕೊಳ್ಳುತ್ತದೆ, ಬಾಲ ಆಡಿಸುತ್ತದೆ. ಎರಡು ತಾಸು ಕಣ್ಣಿಟ್ಟಿರಿ, ಸಾಕು. ಮರಿಯ ಹೊಟ್ಟೆ ವಾರಗಟ್ಟಲೆ ಗುಡಾಣದಂತೆ ಇದ್ದು ಕೂದಲು ಒರಟಾಗಿದ್ದರೆ ಜಂತು. ಮರಿಗೆ ಎರಡು ವಾರ ಆದಾಗಿನಿಂದ ಮೂರು ತಿಂಗಳತನಕ ಎರಡು ವಾರಕ್ಕೊಮ್ಮೆ, ತೂಕ ನೋಡಿ ಜಂತಿನ ಔಷಧ ಕೊಡಬೇಕು. ವಯಸ್ಸಾದ ನಾಯಿಯ ಹೊಟ್ಟೆ ನಿಧಾನಕ್ಕೆ ಇಳಿಬಿದ್ದು, ಒಂದು ಕಡೆ ತಟ್ಟಿದರೆ ಇನ್ನೊಂದು ಕಡೆ ತೆರೆ ಬಂದರೆ ಅದು ನೀರು. ಅದಕ್ಕೂ ಡಾಕ್ಟರ್ ಬೇಕು, ಆದರೆ ರಾತ್ರೋರಾತ್ರಿ ಓಡುವಷ್ಟಲ್ಲ. ಮರಿಗಳಲ್ಲಿ ಬಿಡದ ವಾಂತಿ, ನಾರುವ ರಕ್ತಭೇದಿ ಇದ್ದರೆ ಪಾರ್ವೊ ರೋಗ ಇರಬಹುದು. 1978ರಲ್ಲಿ ಜಗತ್ತಿನ ಬೇರೆ ಬೇರೆ ಕಡೆ ಒಮ್ಮೆಲೇ ಕಾಣಿಸಿಕೊಂಡ ರೋಗ ಇದು. ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿ ಹದಿನಾರು ವಾರದತನಕ ಮತ್ತೆ ಮತ್ತೆ ಹಾಕಿಸಿದರೆ ಮರಿ ಉಳಿಯುತ್ತವೆ.

ಎಣ್ಣೆ ಹೊಡೆದ ಹೊಲದಲ್ಲಿ ಅಡ್ಡಾಡಿದ ನಾಯಿ ಜೊಲ್ಲು ಸುರಿಸಿ, ನಡುಗಿ, ಭೇದಿ ಮಾಡಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾದರೆ ಅದು ವಿಷ. ಇಲಿ ಪಾಷಾಣ ತಿಂದಾಗಲೂ ಹೊಟ್ಟೆ ಉಬ್ಬಿ ಓಕರಿಕೆ ಬರುವುದುಂಟು. ಡಬ್ಬಿಯನ್ನೋ ಪಾಕೀಟನ್ನೋ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ, ಹೆಸರು ನೋಡಿ ಔಷಧ ಕೊಡುತ್ತಾರೆ. ನಮ್ಮ ಜಿಲ್ಲೆಯವರಿಗೆ ಬೇಕಾದ ಇನ್ನೊಂದು ಮಾತು ಒಣದ್ರಾಕ್ಷಿಯದು. ತಿಕೋಟಾ, ಇಂಡಿ ಕಡೆ ಶೆಡ್ಡಿನ ಕೆಳಗೆ ಬಿದ್ದ ದ್ರಾಕ್ಷಿಯನ್ನು ನಾಯಿ ತಿನ್ನುತ್ತವೆ. ನಮಗೆ ಅದು ಶಕ್ತಿ, ಕೆಲವು ನಾಯಿಗಳಿಗೆ ಅದರಿಂದ ಮೂತ್ರಪಿಂಡವೇ ನಿಂತುಹೋಗುತ್ತದೆ. ಮೊದಲ ದಿನ ವಾಂತಿ, ಆಮೇಲೆ ಮಂಕು, ಆಮೇಲೆ ಉಚ್ಚೆ ಬಂದ್. ಎಷ್ಟು ತಿಂದರೆ ಹೀಗಾಗುತ್ತದೆ ಅನ್ನುವುದಕ್ಕೆ ಲೆಕ್ಕ ಇಲ್ಲ, ಒಂದು ಹಿಡಿಯೂ ಸಾಕಾಗಬಹುದು. ನಮ್ಮ ಮೈಕೈ ನೋವಿನ ಗುಳಿಗಿಯನ್ನೂ ನಾಯಿಗೆ ಕೊಡಬಾರದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ.

ಇನ್ನು ಅತಿ ಮುಖ್ಯವಾದದ್ದು. ಜೊಲ್ಲು ಸುರಿಸುತ್ತ, ಬಾಯಿ ತೆರೆದು, ನುಂಗಲಾಗದೆ ಒದ್ದಾಡುವ ನಾಯಿ ಕಂಡರೆ ನಾವು "ಎಲುಬು ಸಿಕ್ಕೈತಿ" ಅಂತ ಗಂಟಲಲ್ಲಿ ಕೈ ಹಾಕುತ್ತೇವೆ. ಹುಚ್ಚು ಹಿಡಿದ ನಾಯಿಯೂ ಹೀಗೇ ಕಾಣುತ್ತದೆ. ದವಡೆ ಜೋತುಬಿದ್ದಿದ್ದರೆ, ದನಿ ಬದಲಾಗಿದ್ದರೆ, ನಡೆ-ನುಡಿ ಎಂದಿನಂತೆ ಇಲ್ಲದಿದ್ದರೆ ಬಾಯಿಗೆ ಕೈ ಹಾಕಲೇಬಾರದು, ಒಸಡು ನೋಡಲಿಕ್ಕೂ ಬೇಡ. ಹುಚ್ಚುನಾಯಿ ರೋಗ ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡ ಮೇಲೆ ಔಷಧ ಇಲ್ಲ. ಗಾಯಕ್ಕೆ ಜೊಲ್ಲು ತಾಕಿದರೆ, ಹಲ್ಲು ಗೀರಿದರೆ 15 ನಿಮಿಷ ಸೋಪು ಹಚ್ಚಿ ನೀರಿನಲ್ಲಿ ತೊಳೆದು, ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಳ್ಳಬೇಕು. ಮೋತ್ಯಾನ ಬಾಯಿಗೆ ಅವತ್ತು ನಾನೂ ಕೈ ಹಾಕಿದ್ದೆ, ನೆನೆಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಉಣ್ಣಿಸುವ ರೀತಿ

ದಿನಕ್ಕೆ ಒಂದೇ ಸಲ ಹೊಟ್ಟೆ ತುಂಬ ಹಾಕುವುದು ನಮ್ಮ ಕಡೆಯ ಪದ್ಧತಿ. ಅದನ್ನೇ ಎರಡು ಭಾಗ ಮಾಡಿ. ಆಗದು ಅನ್ನುವವರು ಮುಂಜಾನೆ ಮಜ್ಜಿಗೆಯಲ್ಲಿ ನೆನೆಸಿದ ಒಂದೆರಡು ರೊಟ್ಟಿಯಾದರೂ ಹಾಕಿ. ಎರಡು ನಾಯಿ ಇದ್ದರೆ ಒಂದಕ್ಕೊಂದು ಕಾಣದಂತೆ ದೂರ ಕಟ್ಟಿ ಹಾಕಬೇಕು, ಪೈಪೋಟಿಗೆ ಬಿದ್ದೇ ಅವು ನುಂಗುವುದು. ಉಂಡ ಮೇಲೆ ಒಂದೆರಡು ತಾಸು ಓಡಾಟ ಬೇಡ. ರಾತ್ರಿ ಹೊಲ ಕಾಯುವ ನಾಯಿಗೆ ಸಂಜೆ ಹೊತ್ತಿರುವಾಗಲೇ ಉಣ್ಣಿಸಿ ಕಟ್ಟಿ ಹಾಕಿ, ಆಮೇಲೆ ಬಿಡುವುದು ಒಳ್ಳೆಯದು. ನೀರು ಮಾತ್ರ ದಿನವಿಡೀ ಮುಂದೆ ಇರಲಿ, ಬಾಯಾರಿ ಒಮ್ಮೆಲೇ ಬಾನಿಗಟ್ಟಲೆ ಕುಡಿಯುವ ಪ್ರಸಂಗ ಬರಬಾರದು.

ಗಬಗಬ ತಿನ್ನುವ ನಾಯಿಯ ಬೋಗುಣಿಯ ನಡುವೆ ಅದು ನುಂಗಲಾಗದಷ್ಟು ದೊಡ್ಡ ಕಲ್ಲು ಇಟ್ಟರೆ, ಸುತ್ತ ಹುಡುಕಿ ತಿನ್ನುವುದರಲ್ಲಿ ನಿಧಾನ ಆಗುತ್ತದೆ. ಚಂದ್ರಿಯ ಬೋಗುಣಿಯಲ್ಲಿ ಹಳ್ಳದ ಕಲ್ಲು ಇಟ್ಟಿದ್ದಾರೆ. ಮೊನ್ನೆ ಹೋದಾಗ ನೋಡಿದೆ, ಅದು ಉಂಡು ಮುಗಿಸಲು ಕಾಲು ತಾಸು ಹಿಡಿಯಿತು. ನೆಕ್ಕಿ ನೆಕ್ಕಿ ಕಲ್ಲು ಮಿರಿಮಿರಿ ಹೊಳೆಯುತ್ತಿತ್ತು.